ನೀರು ಕುಡಿಯದ ಕಲ್ಲಿಗೆ ಸಿಮೆಂಟ್ ಹಾಲು ಸಾಲದು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಹೊಸ ಮನೆಗಳ ಒಳಾಂಗಣದ ಬಗ್ಗೆ ನೀವು ಹಾಕಿದ್ದ ಪುಟ ನೋಡಿದೆ. ಫೋಟೋಗಳು ತುಂಬಾ ಚೆನ್ನಾಗಿದ್ದವು. ನೆಲಕ್ಕೂ ಪೋರ್ಸಲೇನ್ ಟೈಲ್ಸ್, ಗೋಡೆಗೂ ಪೋರ್ಸಲೇನ್, ಅಡುಗೆ ಕಟ್ಟೆಗೂ ಅದೇ, ಬಚ್ಚಲಿಗೂ ಅದೇ. ನನ್ನ ಹೆಂಡತಿ ಪೂರ್ತಿ ಓದಿ, ಪೇಪರ್ ಮಡಚಿ ನನ್ನ ಕೈಗೆ ಕೊಟ್ಟು, "ಇದರ ಬಗ್ಗೆ ನೀವು ಪತ್ರ ಬರೀಲೇಬೇಕು" ಅಂದಳು. ಅವಳು ಹಾಗೆ ಹೇಳೋಕೆ ಕಾರಣ ಇದೆ. ಆ ಪುಟದಲ್ಲಿ ಬಣ್ಣ, ಡಿಸೈನ್, ಹೊಳಪು ಎಲ್ಲ ಇತ್ತು. ಅದನ್ನು ಹಾಕೋದು ಹೇಗೆ ಅನ್ನುವ ಒಂದು ಸಾಲೂ ಇರಲಿಲ್ಲ. ನಮ್ಮ ಮನೆ ಕೆಟ್ಟಿದ್ದು ಅಲ್ಲೇ.

ನಮ್ಮದು ಗಂಗಾವತಿ. ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮೂರು ವರ್ಷದ ಹಿಂದೆ ಸಾಲ ಮಾಡಿ ಮನೆ ಕಟ್ಟಿಸಿದೆ. ಹಳೇ ಮನೆಯಲ್ಲಿ ಶಹಾಬಾದ್ ಪರಸಿ ಕಲ್ಲಿನ ನೆಲ ಇತ್ತು, ಹೊಸ ಮನೆಗೆ ಬಿಳಿ ಹೊಳಪಿನ ಟೈಲ್ಸ್ ಬೇಕು ಅಂತ ಮನೆಯವರಿಗೆಲ್ಲ ಆಸೆ, ನನಗೂ ಇತ್ತು. ಅಂಗಡಿಗೆ ಹೋದೆವು, ಲೈಟ್ ಕೆಳಗೆ ನಿಲ್ಲಿಸಿದ್ದ ನಾಲ್ಕಡಿ ಎರಡಡಿ ಟೈಲ್ಸ್ ನೋಡಿದೆವು, ಅಮೃತಶಿಲೆಯ ಹಾಗೆ ಬೂದು ಗೆರೆ ಇದ್ದದ್ದು ಮೆಚ್ಚಿದೆವು, ತಂದೆವು. ಅರ್ಧ ದಿನದಲ್ಲಿ ಎಲ್ಲ ಮುಗಿಯಿತು. ಮಿಲ್‌ನಲ್ಲಿ ಒಂದು ಮೂಟೆ ಅಕ್ಕಿ ಕೊಳ್ಳುವಾಗ ಕೈಯಲ್ಲಿ ಹಿಡಿದು, ಹಲ್ಲಲ್ಲಿ ಕಚ್ಚಿ ನೋಡುವವನು ನಾನು. ಲಕ್ಷಗಟ್ಟಲೆ ಸುರಿದು ತಂದ ನೆಲವನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ.

ಎರಡನೇ ಬೇಸಿಗೆ, ಮೇ ತಿಂಗಳು. ನಮ್ಮ ಕಡೆ ಮೇ ಅಂದರೆ ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಊಟ ಮಾಡಿ ಅವ್ವ ಪಡಸಾಲೆಯಲ್ಲೇ ಚಾಪೆ ಹಾಸಿ ಮಲಗಿದ್ದಳು. ಒಮ್ಮೆಲೇ ಪಟಾಕಿ ಹೊಡೆದ ಹಾಗೆ ಸದ್ದು. ಅದರ ಹಿಂದೆಯೇ ಕಟಕಟ ಅಂತ ಸಣ್ಣ ಸದ್ದು, ಸಾಲಾಗಿ. ಒಳಗಿಂದ ಓಡಿ ಬಂದು ನೋಡಿದರೆ ಪಡಸಾಲೆಯ ನಟ್ಟನಡುವೆ ಎರಡು ಟೈಲ್ಸ್ ಒಂದಕ್ಕೊಂದು ತಲೆ ಕೊಟ್ಟು ಗುಡಾರದ ಹಾಗೆ ಎದ್ದು ನಿಂತಿದ್ದವು, ಅವ್ವನ ಚಾಪೆಯಿಂದ ಒಂದು ಮಾರು ದೂರದಲ್ಲಿ. ಅವ್ವ ಭೂಮಿ ನಡುಗಿತು ಅಂತ ತಿಳಿದು ಅಂಗಳಕ್ಕೆ ಓಡಿದ್ದಳು. ಆ ದಿನ ಅವಳು ಮತ್ತೆ ಒಳಗೆ ಮಲಗಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಟೈಲ್ಸ್ ಒಡೆದಿಲ್ಲ ಅಲ್ವಾ ಸರ್, ಎದ್ದಿದೆ ಅಷ್ಟೇ, ಮೇಸ್ತ್ರಿನ ಕೇಳಿ" ಅಂದರು. ಮೇಸ್ತ್ರಿಯನ್ನು ಕೇಳಿದರೆ, "ಇಪ್ಪತ್ತು ವರ್ಷದಿಂದ ಹಿಂಗೇ ಹಾಕ್ಕೊಂತ ಬಂದೀನಿ, ಮಾಲೇ ಸರಿ ಇಲ್ಲ" ಅಂದ. ಒಬ್ಬರ ಮೇಲೆ ಒಬ್ಬರು ಹಾಕಿ ಕೂತರು. ಕೊನೆಗೆ ಸಿಂಧನೂರು ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರು ಪಕ್ಕದ ಬೀದಿಯಲ್ಲಿ ಕೆಲಸ ಮಾಡುತ್ತಿದ್ದರು, ಅವರನ್ನು ಕರೆತಂದೆ. ಅವರು ಎದ್ದಿದ್ದ ಟೈಲ್ಸನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ನನಗೆ ತೋರಿಸಿದರು. ಹಿಂಭಾಗದಲ್ಲಿ ಒಂದು ಚೂರು ಸಿಮೆಂಟ್ ಇರಲಿಲ್ಲ. ಕೆಳಗೆ ಹಾಸಿದ್ದ ಮರಳು ಸಿಮೆಂಟ್ ಬೆಡ್ ಮೇಲೆ ಟೈಲ್ಸಿನ ಹಿಂಬದಿಯ ಗೆರೆಗಳ ಅಚ್ಚು ಮಾತ್ರ ಹಾಗೇ ಉಳಿದಿತ್ತು, ಹೋಳಿಗೆ ಮೇಲೆ ಬಾಳೆ ಎಲೆಯ ಗೆರೆ ಮೂಡಿದ ಹಾಗೆ. "ನೋಡ್ರೀ ಅಣ್ಣಾರ, ತಾಟು ತೊಳದಿಟ್ಟಂಗ ಐತಿ" ಅಂದರು. "ಇದು ನೀರು ಕುಡಿಯಂಗಿಲ್ರೀ. ನೀರು ಕುಡಿಯದ ಕಲ್ಲಿಗೆ ಸಿಮೆಂಟ್ ಹಾಲು ಹೆಂಗ ಹಿಡಿತೈತಿ?"

ಸಿಮೆಂಟ್ ಹಾಲು ಅಂದರೆ ಸಿಮೆಂಟನ್ನು ನೀರಲ್ಲಿ ತೆಳ್ಳಗೆ ಕಲಸಿದ್ದು. ಸಂಪಾದಕರೇ, ಈ ಒಂದು ಮಾತು ನಾನು ಮನೆ ಕಟ್ಟುವ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಆಮೇಲೆ ನಾನು ಈ ವಸ್ತುವಿನ ಬಗ್ಗೆ ಕೂತು ಓದಿದೆ, ಕೆಲಸ ಗೊತ್ತಿದ್ದವರ ಹತ್ತಿರ ಕೇಳಿದೆ. ತಿಳಿದದ್ದನ್ನು ಹೇಳುತ್ತೇನೆ. ನಮ್ಮ ಮನೆಗೆ ತಂದ, ನಾವು ವಿಟ್ರಿಫೈಡ್ ಅನ್ನುವ ಟೈಲ್ಸೂ ನಿಮ್ಮ ಪುಟದಲ್ಲಿ ಪೋರ್ಸಲೇನ್ ಸ್ಟೋನ್‌ವೇರ್ ಅಂತ ಬರೆದಿರುವುದೂ ಒಂದೇ ಜಾತಿಯ ವಸ್ತು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ಜಾಡಿ ಇರುತ್ತದಲ್ಲ, ಮೇಲೆ ಕಂದು ಕೆಳಗೆ ಬಿಳಿ ಬಣ್ಣದ್ದು, ಅದು ಸ್ಟೋನ್‌ವೇರ್. ಚಹಾ ಕುಡಿಯುವ ಪಿಂಗಾಣಿ ಬಸಿ ಪೋರ್ಸಲೇನ್. ಈ ಟೈಲ್ಸ್ ಅವೆರಡರ ಹತ್ತಿರದ ಸಂಬಂಧಿ. ಜಾಡಿಯಲ್ಲಿ ಉಪ್ಪು, ಖಾರ, ಎಣ್ಣೆ, ಹುಳಿ ವರ್ಷಗಟ್ಟಲೆ ಕೂತರೂ ಒಳಗೆ ಇಳಿಯುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಈ ಟೈಲ್ಸಿನ ಗುಣವೂ ಅದೇ.

ಬಿಳಿ ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಅನ್ನುವ ಖನಿಜ, ಬೆಣಚುಕಲ್ಲಿನ ಮರಳು, ಇಷ್ಟನ್ನು ನೀರಲ್ಲಿ ನುಣ್ಣಗೆ ಅರೆದು, ಒಣಗಿಸಿ ಪುಡಿ ಮಾಡಿ, ಪ್ರೆಸ್ಸಿನಲ್ಲಿ ಭಾರೀ ಒತ್ತಡ ಹಾಕಿ ಹಲಗೆ ಮಾಡುತ್ತಾರೆ. ಆಮೇಲೆ ಸುಮಾರು 1200 ಡಿಗ್ರಿ ಶಾಖದ ಭಟ್ಟಿಯಲ್ಲಿ ಸುಡುತ್ತಾರೆ. ಆ ಶಾಖಕ್ಕೆ ಫೆಲ್ಡ್‌ಸ್ಪಾರ್ ಕರಗಿ ಗಾಜಿನ ಹಾಗಾಗಿ ಮಣ್ಣಿನ ಕಣಗಳ ನಡುವಿನ ಸಂದಿಯನ್ನೆಲ್ಲ ತುಂಬುತ್ತದೆ. ನಮ್ಮ ಕುಷ್ಟಗಿ ಕಡೆಯ ಗ್ರಾನೈಟ್ ಗುಲಾಬಿ ಬಣ್ಣ ಇರುವುದೂ ಫೆಲ್ಡ್‌ಸ್ಪಾರ್‌ನಿಂದಲೇ ಅಂತ ಗೊತ್ತಾದಾಗ ನನಗೆ ಖುಷಿಯಾಯಿತು. ಭೂಮಿಯ ಹೊಟ್ಟೆಯಲ್ಲಿ ಕೋಟಿಗಟ್ಟಲೆ ವರ್ಷದಲ್ಲಿ ಆಗುವ ಕೆಲಸದಂಥದ್ದನ್ನು ಭಟ್ಟಿಯಲ್ಲಿ ಒಂದು ತಾಸಿನ ಆಸುಪಾಸಿನಲ್ಲಿ ಮಾಡುತ್ತಾರೆ. ಇಟಲಿಯಲ್ಲಿ ಸಸ್ಸುವೋಲೊ ಊರಿನ ಸುತ್ತ ಇದರ ಕಾರ್ಖಾನೆಗಳಿವೆ, ನಮ್ಮ ದೇಶದಲ್ಲಿ ಗುಜರಾತಿನ ಮೋರ್ಬಿ. ನಮ್ಮೂರ ಅಂಗಡಿಗಳಿಗೆ ಬರುವ ಮಾಲಿನಲ್ಲಿ ಜಾಸ್ತಿ ಅಲ್ಲಿಂದಲೇ ಲಾರಿಯಲ್ಲಿ ಬರುವುದು.

ಲೆಕ್ಕದವನು ನಾನು, ಅದಕ್ಕೆ ಲೆಕ್ಕದಲ್ಲೇ ಹೇಳುತ್ತೇನೆ. ಪೋರ್ಸಲೇನ್ ಅನ್ನಿಸಿಕೊಳ್ಳಬೇಕಾದರೆ ಅದು ತನ್ನ ತೂಕದ ಶೇ 0.5ಕ್ಕಿಂತ ಜಾಸ್ತಿ ನೀರು ಹೀರಬಾರದು. ಐಎಸ್ಒ 13006 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಇದನ್ನೇ. ಎರಡು ಅಡಿ ಚೌಕದ ಒಂದು ಟೈಲ್ಸ್ 8 ಕೆಜಿ ಇದೆ ಅಂದುಕೊಳ್ಳಿ. ಅದು ಹೆಚ್ಚೆಂದರೆ 40 ಗ್ರಾಂ ನೀರು ಕುಡಿಯಬಹುದು. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸ್ ಶೇ 10ಕ್ಕಿಂತ ಜಾಸ್ತಿ ಕುಡಿಯುತ್ತದೆ, ಅಂದರೆ ಅಷ್ಟೇ ತೂಕಕ್ಕೆ 800 ಗ್ರಾಂ ದಾಟಿತು. ಹಿಂದೆಲ್ಲ ಸೆರಾಮಿಕ್ ಟೈಲ್ಸ್ ಹಾಕುವ ಮೊದಲು ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ನೆನೆ ಹಾಕುತ್ತಿದ್ದರು, ನೆನಪಿದೆಯಲ್ವಾ? ಬಾಯಾರಿದ ಟೈಲ್ಸ್ ಸಿಮೆಂಟಿನ ನೀರನ್ನೆಲ್ಲ ಎಳೆದುಕೊಂಡುಬಿಡುತ್ತದೆ ಅಂತ. ಪೋರ್ಸಲೇನಿಗೆ ಬಾಯಾರಿಕೆಯೇ ಇಲ್ಲ.

ಶಹಾಬಾದ್ ಪರಸಿಗೆ ಅಡಿಭಾಗ ಒರಟು. ಸೆರಾಮಿಕ್ ಟೈಲ್ಸಿಗೆ ಹಿಂಬದಿ ತೂತು ತೂತು. ಸಿಮೆಂಟ್ ಹಾಲು ಅದರೊಳಗೆ ಇಳಿದು ಬೇರಿನ ಹಾಗೆ ಹಿಡಿದುಕೊಳ್ಳುತ್ತದೆ. ನಮ್ಮ ಮೇಸ್ತ್ರಿಗಳು ಕಲಿತ ಕೆಲಸ ಅದು, ಅಪ್ಪನಿಂದ ಮಗನಿಗೆ ಬಂದ ಕೆಲಸ. ಮರಳು ಸಿಮೆಂಟ್ ಬೆಡ್ ಹಾಕು, ಮೇಲೆ ಸಿಮೆಂಟ್ ಹಾಲು ಸುರಿ, ಟೈಲ್ಸ್ ಇಡು, ರಬ್ಬರ್ ಸುತ್ತಿಗೆಯಲ್ಲಿ ಬಡಿ. ಅದರಲ್ಲಿ ಅವರ ತಪ್ಪು ನನಗೆ ಕಾಣುವುದಿಲ್ಲ. ಆ ಕಲ್ಲಿಗೆ ಆ ಕೆಲಸ ಸರಿ ಇತ್ತು. ಕಲ್ಲು ಬದಲಾಯಿತು, ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ಮಾಲು ಮಾರಿದವರೂ ಹೇಳಲಿಲ್ಲ, ಕೊಂಡ ನಾವೂ ಕೇಳಲಿಲ್ಲ.

ಇದಕ್ಕೆ ಬೇಕಾದದ್ದು ಟೈಲ್ ಅಂಟು, ನಮ್ಮ ಕಡೆ ಗಮ್ ಅನ್ನುತ್ತಾರೆ. ಸಿಮೆಂಟಿನ ಜೊತೆ ಪಾಲಿಮರ್, ಅಂದರೆ ಪ್ಲಾಸ್ಟಿಕ್ ಜಾತಿಯ ಅಂಟುವ ವಸ್ತು, ಸೇರಿಸಿದ ಪುಡಿ ಅದು. ಟೈಲ್ಸಿನ ಹಿಂಬದಿಯಲ್ಲಿ ತೂತಿಲ್ಲದಿದ್ದರೂ ಅಂಟಿಕೊಳ್ಳುತ್ತದೆ. ಚೀಲದ ಮೇಲೆ ಐಎಸ್ 15477 ಅಂತ ಭಾರತೀಯ ಮಾನದಂಡದ ನಂಬರ್ ಇರುತ್ತದೆ, ಟೈಪ್ ಅಂತಲೂ ಬರೆದಿರುತ್ತದೆ. ಟೈಪ್ 1 ಸಾಮಾನ್ಯ ಸೆರಾಮಿಕ್‌ಗೆ, ವಿಟ್ರಿಫೈಡ್‌ಗೆ ಟೈಪ್ 2 ಅಥವಾ ಅದಕ್ಕಿಂತ ಮೇಲಿನದು ಬೇಕು. ಗಮ್ ತಂದರೆ ಮುಗಿಯಲಿಲ್ಲ. ಎಷ್ಟೋ ಕಡೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಮುದ್ದೆ ಇಟ್ಟು ಟೈಲ್ಸ್ ಒತ್ತಿಬಿಡುತ್ತಾರೆ. ಗಮ್ ಉಳಿಯುತ್ತದೆ, ಟೈಲ್ಸ್ ಅಡಿ ಪೊಳ್ಳು. ಮೇಲೆ ಕಬ್ಬಿಣದ ಮಂಚದ ಕಾಲು ಕೂತರೆ, ಗ್ಯಾಸ್ ಸಿಲಿಂಡರ್ ಉರುಳಿದರೆ, ಪೊಳ್ಳಿದ್ದ ಕಡೆಯೇ ಬಿರುಕು. ಹಲ್ಲಿರುವ ಕರಣೆಯಲ್ಲಿ ಗಮ್ಮನ್ನು ಬಾಚಣಿಗೆ ಎಳೆದ ಹಾಗೆ ಪೂರ್ತಿ ಎಳೆಯಬೇಕು, ದೊಡ್ಡ ಟೈಲ್ಸ್ ಆದರೆ ಅದರ ಬೆನ್ನಿಗೂ ತೆಳುವಾಗಿ ಸವರಬೇಕು. ಅದಕ್ಕೂ ಮೊದಲು ಬೆನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಯಾಕೆಂದರೆ ಭಟ್ಟಿಯ ಉರುಳೆಗಳಿಗೆ ಅಂಟದಿರಲಿ ಅಂತ ಕಾರ್ಖಾನೆಯಲ್ಲೇ ಹಿಂಬದಿಗೆ ಬಿಳಿ ಪುಡಿ ಬಳಿದಿರುತ್ತಾರೆ. ನಮ್ಮ ಮನೆಯ ಟೈಲ್ಸ್ ಹಿಂಬದಿ ಬೆರಳು ಎಳೆದರೆ ರಂಗೋಲಿ ಪುಡಿ ಹತ್ತಿದ ಹಾಗೆ ಹತ್ತಿತು. ಆ ಪುಡಿಗೆ ಸಿಮೆಂಟ್ ಅಂಟಿತ್ತು, ಟೈಲ್ಸಿಗಲ್ಲ.

ಇನ್ನು ಸಂದಿಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಟೈಲ್ಸ್ ಎದ್ದದ್ದಕ್ಕೆ ಅರ್ಧ ಕಾರಣ ಇದು. ಸಂದಿ ಕಾಣಬಾರದು, ನೆಲ ಒಂದೇ ಹಾಳೆಯ ಹಾಗೆ ಕಾಣಬೇಕು ಅಂತ ಹಟ ಮಾಡಿದ್ದು ನಾವೇ. ಮೇಸ್ತ್ರಿ ಟೈಲ್ಸಿಗೆ ಟೈಲ್ಸ್ ಒತ್ತಿ ಹಾಕಿದ. ಗೋಡೆಗೂ ಒತ್ತಿದ. ಆದರೆ ಕಲ್ಲು ಬಿಸಿಲಿಗೆ ಹಿಗ್ಗುತ್ತದೆ. ನಮ್ಮ ಪಡಸಾಲೆ 15 ಅಡಿ ಉದ್ದ. ಚಳಿಗಾಲದ ಮುಂಜಾನೆಗೂ ಮೇ ಮಧ್ಯಾಹ್ನಕ್ಕೂ ನೆಲದ ಶಾಖದಲ್ಲಿ 25 ಡಿಗ್ರಿ ಫರಕು ಅಂತ ಹಿಡಿದರೆ ಅಷ್ಟು ಉದ್ದಕ್ಕೆ ಸುಮಾರು ಮುಕ್ಕಾಲು ಮಿಲಿಮೀಟರ್ ಹಿಗ್ಗಬೇಕು. ಮುಕ್ಕಾಲು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ. ಆದರೆ ಹೋಗಲು ಜಾಗವೇ ಇಲ್ಲದಿದ್ದರೆ ಆ ಮುಕ್ಕಾಲು ಮಿಲಿಮೀಟರಿಗೆ ಮೇಲೆ ಏಳುವುದೊಂದೇ ದಾರಿ. ಅದರ ಜೊತೆಗೆ ಕೆಳಗಿನ ಸಿಮೆಂಟ್ ಬೆಡ್, ಕಾಂಕ್ರೀಟ್ ಒಣಗುತ್ತಾ ತಿಂಗಳುಗಟ್ಟಲೆ ಕುಗ್ಗುತ್ತಿರುತ್ತದೆ. ಮೇಲಿನದು ಹಿಗ್ಗುತ್ತದೆ, ಕೆಳಗಿನದು ಕುಗ್ಗುತ್ತದೆ, ನಡುವೆ ಹಿಡಿತವೂ ಇಲ್ಲ. ಎರಡನೇ ಬೇಸಿಗೆಯಲ್ಲಿ ಪಟಾಕಿ ಹೊಡೆಯದೆ ಇನ್ನೇನು ಆದೀತು?

ಟೈಲ್ಸ್ ನಡುವೆ 2 ಮಿಲಿಮೀಟರ್ ಸ್ಪೇಸರ್, ಅಂದರೆ ಸಂದಿ ಬಿಡಿಸುವ ಸಣ್ಣ ತುಂಡು, ಇಡಿಸಿ. ದೊಡ್ಡ ಟೈಲ್ಸ್ ಆದರೆ 3 ಇರಲಿ. ಗೋಡೆಯ ಬುಡದಲ್ಲಿ ಕಿರುಬೆರಳಿನ ದಪ್ಪದಷ್ಟು ಜಾಗ ಖಾಲಿ ಬಿಡಿಸಿ, ಅದು ಗೋಡೆ ಬುಡಕ್ಕೆ ಹಾಕುವ ಪಟ್ಟಿಯ, ಅಂದರೆ ಸ್ಕರ್ಟಿಂಗ್, ಅಡಿ ಮುಚ್ಚಿಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಸಿಂಧನೂರಿನ ಮೇಸ್ತ್ರಿ ನಮ್ಮ ಪಡಸಾಲೆ ಪೂರ್ತಿ ಕಿತ್ತು ಹೀಗೇ ಹಾಕಿಕೊಟ್ಟರು. ಕೆಲಸ ಮುಗಿದ ಮೂರನೇ ದಿನ ಒಂದು ರೂಪಾಯಿ ನಾಣ್ಯ ಹಿಡಿದು ಮಂಡಿಯೂರಿ ಒಂದೊಂದೇ ಟೈಲ್ಸ್ ಮೂಲೆ ಮೂಲೆ ಬಡಿಯುತ್ತಾ ಹೋದರು. ಗಟ್ಟಿ ಹಿಡಿದ ಕಡೆ ಸಣ್ಣಗೆ ಟಕ್ ಟಕ್ ಅಂತಿತ್ತು. ಒಂದು ಕಡೆ ಮಾತ್ರ ಡಬ್ ಅಂದಿತು. ಯಾರೂ ಏನೂ ಹೇಳದೆಯೇ ಅದನ್ನು ಕಿತ್ತು ಮತ್ತೆ ಹಾಕಿದರು. ಅವರು ಆ ಒಂದು ಟೈಲ್ಸ್ ಕಿತ್ತದ್ದನ್ನು ನಾನು ಮರೆಯುವುದಿಲ್ಲ.

ಇದೆಲ್ಲ ದುಡ್ಡಿನ ಮಾತಾಯಿತು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಮೊದಲ ವರ್ಷದ ಮಳೆಗಾಲದಲ್ಲೇ ಅವ್ವ ಬಚ್ಚಲಿನ ಹೊಸ್ತಿಲ ಹತ್ತಿರ ಜಾರಿ ಬಿದ್ದಳು. ಪಡಸಾಲೆಗೆ ಹಾಕಿದ ಹೊಳಪಿನ ಟೈಲ್ಸನ್ನೇ ಚೆಂದ ಕಾಣಲಿ ಅಂತ ಬಚ್ಚಲ ಮುಂದೆ ಓಡಾಡುವ ಜಾಗಕ್ಕೂ ಹಾಕಿಸಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ದಿನಾ ಹತ್ತು ರೊಟ್ಟಿ ಬಡಿಯುತ್ತಿದ್ದ ಕೈ ಅದು. ಪಟ್ಟಿ ಬಿಚ್ಚಿದ ಮೇಲೂ ಅವಳು ರೊಟ್ಟಿ ಬಡಿಯಲು ಕೂತರೆ ಎರಡನೇ ರೊಟ್ಟಿಗೆ ಕೈ ನಿಲ್ಲಿಸಿ ಮಣಿಕಟ್ಟು ಒತ್ತಿಕೊಳ್ಳುತ್ತಾಳೆ. ನಾನು ಆರಿಸಿದ ನೆಲ ಅದು. ಅದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ನಮ್ಮ ಹಳೇ ಪರಸಿ ಮೇಲೆ ಅವ್ವ ನಲವತ್ತು ವರ್ಷ ಒದ್ದೆ ಕಾಲಲ್ಲಿ ಓಡಾಡಿದ್ದಳು, ಒಮ್ಮೆಯೂ ಬಿದ್ದಿರಲಿಲ್ಲ. ಹಾಗಂತ ಪೋರ್ಸಲೇನ್ ಅಂದರೆ ಜಾರುವುದೇ ಅಂತಲ್ಲ. ಜಾರದ ಹಾಗೆ ಮಾಡಿದ್ದೂ ಸಿಗುತ್ತದೆ, ಅದಕ್ಕೆ ಅಳತೆಯೂ ಇದೆ. ಜರ್ಮನಿಯವರು ಮಾಡಿದ ಪರೀಕ್ಷೆ ಅದು. ಟೈಲ್ಸ್ ಹಾಸಿದ ಹಲಗೆಗೆ ಎಣ್ಣೆ ಹಚ್ಚಿ, ಅದರ ಮೇಲೆ ಬೂಟು ಹಾಕಿದ ಮನುಷ್ಯನನ್ನು ನಡೆಸುತ್ತಾ ಹಲಗೆಯನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಓರೆಗೆ ಅವನು ಜಾರುತ್ತಾನೆ ಅನ್ನುವುದರ ಮೇಲೆ ಆರ್ 9ರಿಂದ ಆರ್ 13ರ ತನಕ ನಂಬರ್ ಕೊಡುತ್ತಾರೆ. ಆರ್ 9 ಅಂದರೆ ಬರೀ 6ರಿಂದ 10 ಡಿಗ್ರಿ ಓರೆಗೇ ಕಾಲು ತಪ್ಪುತ್ತದೆ, ಆರ್ 11 ಆದರೆ 19 ಡಿಗ್ರಿ ದಾಟಿದರೂ ಹಿಡಿಯುತ್ತದೆ. ಬರಿಗಾಲು, ಸೋಪಿನ ನೀರು ಇಟ್ಟು ಮಾಡುವ ಇನ್ನೊಂದು ಪರೀಕ್ಷೆಯೂ ಇದೆ, ಅದಕ್ಕೆ ಎ, ಬಿ, ಸಿ ಅಂತ ದರ್ಜೆ, ಎಗಿಂತ ಬಿ, ಬಿಗಿಂತ ಸಿ ಜಾಸ್ತಿ ಹಿಡಿಯುತ್ತದೆ. ನಮ್ಮ ಬಚ್ಚಲಿಗೆ ಹೊಂದುವುದು ಇದೇ, ಅಲ್ಲಿ ಬೂಟು ಹಾಕಿ ಯಾರು ನಡೆಯುತ್ತಾರೆ? ಬಚ್ಚಲು, ಅಂಗಳ, ಮೆಟ್ಟಿಲು, ಪಾತ್ರೆ ತಿಕ್ಕುವ ಜಾಗ, ಇಷ್ಟಕ್ಕೆ ಆರ್ 10 ಅಥವಾ 11, ಬಿ ದರ್ಜೆಗೆ ಕಡಿಮೆ ಇಲ್ಲದ ಮ್ಯಾಟ್, ಅಂದರೆ ಹೊಳಪಿಲ್ಲದ, ಟೈಲ್ಸ್ ಕೇಳಿ. ಅಂಗಡಿಯಲ್ಲಿ ಅದು ಗೊತ್ತಿಲ್ಲ ಅಂದರೆ ಅಲ್ಲೇ ಒಂದು ಟೈಲ್ಸ್ ನೆಲದ ಮೇಲೆ ಇಡಿಸಿ, ನೀರು ಹಾಕಿ, ಚಪ್ಪಲಿ ಬಿಟ್ಟು ನಿಂತು ನೋಡಿ. ನಾಚಿಕೆ ಯಾಕೆ? ಸೀರೆ ಕೊಳ್ಳುವಾಗ ಇಡೀ ಅಂಗಡಿ ಬಿಚ್ಚಿಸುತ್ತೇವೆ.

ತೀರಾ ಒರಟಾದದ್ದೂ ಬೇಡ. ನಮ್ಮ ಬೋರಿನ ನೀರು ಗಡಸು, ಒರಟು ಟೈಲ್ಸಿನ ಗುಂಡಿಗಳಲ್ಲಿ ಉಪ್ಪು ಕೂತು ಬಿಳಿ ಪೊರೆ ಕಟ್ಟುತ್ತದೆ. ಅದನ್ನು ತೆಗೆಯಲು ಆಸಿಡ್ ಸುರಿಯುತ್ತಾರೆ. ಟೈಲ್ಸ್ ತಡೆದುಕೊಳ್ಳುತ್ತದೆ, ಆದರೆ ಸಂದಿಯಲ್ಲಿ ತುಂಬಿದ ಸಿಮೆಂಟನ್ನು ಆಸಿಡ್ ತಿಂದುಹಾಕುತ್ತದೆ, ಅಲ್ಲಿಂದ ನೀರು ಕೆಳಗೆ ಇಳಿಯಲು ಶುರು. ಬಚ್ಚಲಿನ ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ಅನ್ನುವ ರಾಳದ ಅಂಟು ತುಂಬಿಸಿದರೆ ಈ ತಾಪತ್ರಯ ಕಡಿಮೆ, ದುಬಾರಿ ಹೌದು, ಬಚ್ಚಲಿಗಷ್ಟಾದರೂ ಮಾಡಿಸಿ.

ಧೂಳಿನ ಮಾತೂ ಹೇಳಬೇಕು. ನಮ್ಮ ಬೀಗರ ಮನೆ ಸಂಡೂರು ಹತ್ತಿರ. ಅದಿರಿನ ಕೆಂಪು ಧೂಳು ಬೆಳಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಹಾಜರ್. ಅಲ್ಲಿ ಸಿಮೆಂಟ್ ನೆಲ, ಬಿಳಿ ಮಾರ್ಬಲ್ ಎಲ್ಲ ವರ್ಷದೊಳಗೆ ಕೆಂಪು ತಿರುಗುತ್ತದೆ. ಅವರ ಪೋರ್ಸಲೇನ್ ನೆಲ ಮಾತ್ರ ಒಂದು ಒರೆಸಿಗೆ ಹಳೇ ಬಣ್ಣಕ್ಕೆ ಬರುತ್ತದೆ. ಅದನ್ನು ನೋಡಿದಾಗ ಈ ವಸ್ತು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿಗೆ ಹೇಳಿ ಮಾಡಿಸಿದ್ದು ಅನ್ನಿಸಿತು. ಅದಕ್ಕೇ ನನಗೆ ಇದರ ಮೇಲೆ ಸಿಟ್ಟಿಲ್ಲ. ಒಳ್ಳೇ ವಸ್ತುವನ್ನು ಕೆಟ್ಟದಾಗಿ ಹಾಕಿ ಕೆಟ್ಟ ಹೆಸರು ತರುತ್ತಿದ್ದೇವಲ್ಲ ಅನ್ನುವುದೇ ನನ್ನ ನೋವು.

ಕೊಳ್ಳುವಾಗ ಹೆಸರುಗಳ ಗೊಂದಲ ಬೇರೆ. ಫುಲ್ ಬಾಡಿ ಅಂದರೆ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ, ಸವೆದರೂ ಗೊತ್ತಾಗುವುದಿಲ್ಲ. ಡಬಲ್ ಚಾರ್ಜ್ ಅಂದರೆ ಮೇಲೆ ಮೂರು ನಾಲ್ಕು ಮಿಲಿಮೀಟರ್ ಬಣ್ಣದ ಪದರ, ಜನ ಜಾಸ್ತಿ ಓಡಾಡುವ ಅಂಗಡಿ, ಕಚೇರಿಗೆ ಒಳ್ಳೆಯದು. ಜಿವಿಟಿ, ಅಂದರೆ ಗ್ಲೇಜ್ಡ್ ವಿಟ್ರಿಫೈಡ್ ಟೈಲ್ಸ್, ಮೇಲ್ಮೈಯಲ್ಲಿ ಚಿತ್ರ ಮುದ್ರಿಸಿ ಗಾಜಿನಂಥ ಲೇಪ ಕೊಟ್ಟದ್ದು, ಅಮೃತಶಿಲೆ, ಮರ, ಸಿಮೆಂಟ್ ಯಾವುದರ ಹಾಗೆ ಬೇಕಾದರೂ ಕಾಣುತ್ತದೆ. ನಿಜವಾಗಿಯೂ ಪೋರ್ಸಲೇನ್ ಹೌದೋ ಅಲ್ಲವೋ ನೋಡಲು ಸುಲಭ ದಾರಿ ಇದೆ. ಟೈಲ್ಸ್ ತಿರುಗಿಸಿ, ಹಿಂಬದಿಯ ಬಿಳಿ ಪುಡಿ ಒರೆಸಿ, ಒಂದು ಹನಿ ಪೆನ್ನಿನ ಇಂಕು ಬಿಡಿ. ಹತ್ತು ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಗೆ ಇಳಿದು ಹರಡಿದ್ದರೆ ಅದು ಬೇರೆ ಮಾಲು. ಬಾಕ್ಸ್ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇರಲಿ, ಲೆಕ್ಕಕ್ಕಿಂತ ಎರಡು ಬಾಕ್ಸ್ ಜಾಸ್ತಿ ತಂದು ಮೆಟ್ಟಿಲ ಕೆಳಗೆ ಇಡಿ, ಆಮೇಲೆ ಹುಡುಕಿದರೆ ಅದೇ ಬಣ್ಣ ಸಿಗುವುದಿಲ್ಲ.

ಅಡುಗೆ ಕಟ್ಟೆಯ ವಿಷಯದಲ್ಲಿ ಮಾತ್ರ ನಿಮ್ಮ ಪುಟದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಈಗ 1600 ಮಿಲಿಮೀಟರ್ ಅಗಲ 3200 ಮಿಲಿಮೀಟರ್ ಉದ್ದದ ದೊಡ್ಡ ಹಲಗೆಗಳು ಬರುತ್ತವೆ, ಕಟ್ಟೆಗೆ 12 ಅಥವಾ 15 ಮಿಲಿಮೀಟರ್ ದಪ್ಪದ್ದು ಹಾಕುತ್ತಾರೆ. ಅರಿಶಿನ ಹತ್ತುವುದಿಲ್ಲ, ಹುಣಸೆಹಣ್ಣು ನಿಂಬೆಹಣ್ಣಿಗೆ ಮಾರ್ಬಲ್ ಹಾಗೆ ಮಂಕಾಗುವುದಿಲ್ಲ, ಒಲೆಯಿಂದ ಇಳಿಸಿದ ಪಾತ್ರೆ ಇಟ್ಟರೂ ಸುಟ್ಟ ಕಲೆ ಬೀಳುವುದಿಲ್ಲ, ಯಾಕೆಂದರೆ ಬೆಣಚುಕಲ್ಲಿನ ಪುಡಿಯನ್ನು ರಾಳದಲ್ಲಿ ಅಂಟಿಸಿ ಮಾಡುವ ಕ್ವಾರ್ಟ್ಜ್ ಹಲಗೆಯ ಹಾಗೆ ಇದರಲ್ಲಿ ರಾಳ ಇಲ್ಲ. ಇಷ್ಟೆಲ್ಲ ನಿಜ. ಆದರೆ ಇದರ ಅಂಚು ನಾಜೂಕು. ಚಿತ್ರ ಇರುವುದು ಮೇಲ್ಮೈಯಲ್ಲಿ, ಅಂಚು ಒಂದು ಚೂರು ಹಾರಿದರೆ ಒಳಗಿನ ಬೇರೆ ಬಣ್ಣ ಕಾಣುತ್ತದೆ, ಗ್ರಾನೈಟ್ ಹಾಗೆ ಮತ್ತೆ ತಿಕ್ಕಿ ಪಾಲಿಶ್ ಮಾಡಲು ಬರುವುದಿಲ್ಲ. ನಮ್ಮ ಕಡೆ ಕಟ್ಟೆ ಅಂದರೆ ಬರೀ ತರಕಾರಿ ಹೆಚ್ಚುವ ಜಾಗವಲ್ಲ. ಅಲ್ಲೇ ರೊಟ್ಟಿ ಬಡಿಯುತ್ತಾರೆ, ಅಲ್ಲೇ ಸಣ್ಣ ಕಲ್ಲಲ್ಲಿ ಬೆಳ್ಳುಳ್ಳಿ ಖಾರ ಕುಟ್ಟುತ್ತಾರೆ, ಕುಕ್ಕರ್ ಕುಕ್ಕುತ್ತಾರೆ. ಅಂಥ ಮನೆಗೆ ಗಟ್ಟಿ ಗ್ರಾನೈಟೇ ವಾಸಿ ಅಂತ ನನ್ನ ಅಭಿಪ್ರಾಯ. ಕುಷ್ಟಗಿ ಇಲಕಲ್ ಸಾಲಿನಲ್ಲೇ ಅಂಥ ಗುಲಾಬಿ ಕಲ್ಲು ಇರುವಾಗ ಇಟಲಿಯ ಚಿತ್ರ ಹಚ್ಚಿದ ಹಲಗೆ ಯಾಕೆ? ನಮ್ಮೂರಿನ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ ಒಮ್ಮೆ ಹೋಗಿ ನೋಡಿ. ಸಾವಿರಾರು ವರ್ಷದ ಹಿಂದಿನವರು ಕಲ್ಲಿನ ಚಪ್ಪಡಿ ಸೀಳಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳು ಇಂದಿಗೂ ನಿಂತಿವೆ. ಕಟ್ಟೆಗೆ ಗ್ರಾನೈಟ್, ಕಟ್ಟೆಯ ಹಿಂದಿನ ಗೋಡೆಗೆ ಪೋರ್ಸಲೇನ್. ನಮ್ಮ ಮನೆಯಲ್ಲಿ ಹೀಗೇ ಇದೆ, ಒಗ್ಗರಣೆಯ ಎಣ್ಣೆ ಒಂದು ಒರೆಸಿಗೆ ಹೋಗುತ್ತದೆ.

ಟೈಲ್ಸ್ ಕತ್ತರಿಸುವ ಹುಡುಗರ ಬಗ್ಗೆ ಹೇಳದೆ ಪತ್ರ ಮುಗಿಸಲಾರೆ. ನಮ್ಮ ಮನೆಗೆ ಮೊದಲು ಕೆಲಸಕ್ಕೆ ಬಂದ ಹುಡುಗನಿಗೆ ಹತ್ತೊಂಬತ್ತು ಇಪ್ಪತ್ತು ವಯಸ್ಸು. ಕೋಣೆಯೊಳಗೆ ಬಾಗಿಲು ಹಾಕಿಕೊಂಡು, ಧೂಳು ಪಕ್ಕದ ಮನೆಗೆ ಹೋಗದಿರಲಿ ಅಂತ, ಒಣ ಮಷೀನಿನಲ್ಲಿ ಕತ್ತರಿಸುತ್ತಿದ್ದ. ಮೂಗಿಗೆ ಒಂದು ಟವೆಲ್. ಹೊರಗೆ ಬಂದಾಗ ಕಣ್ಣು ರೆಪ್ಪೆ, ಹುಬ್ಬು ಎಲ್ಲ ಬೆಳ್ಳಗೆ, ಮುದುಕನ ಹಾಗೆ. ಆ ಧೂಳಿನಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ನುಣ್ಣನೆ ಪುಡಿ, ಇರುತ್ತದೆ. ಉಸಿರಿನ ಜೊತೆ ಹೋದದ್ದು ಶ್ವಾಸಕೋಶದಲ್ಲೇ ಕೂತು ಗಾಯ ಮಾಡುತ್ತದೆ, ಸಿಲಿಕೋಸಿಸ್ ಅನ್ನುತ್ತಾರೆ, ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಕತ್ತರಿಸುವವರಿಗೆ ಈ ರೋಗ ಬಂತು ಅಂತಲೇ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ರಾಳ ಬೆರೆಸಿದ ಕೃತಕ ಕ್ವಾರ್ಟ್ಜ್ ಹಲಗೆಗಳನ್ನೇ ನಿಷೇಧಿಸಿತು. ಪೋರ್ಸಲೇನನ್ನು ನಿಷೇಧದಿಂದ ಬಿಟ್ಟಿದ್ದಾರೆ, ಆದರೆ ಇದನ್ನು ನೀರು ಹಾಕದೆ ಕತ್ತರಿಸಿದರೂ ಸಿಲಿಕಾ ಧೂಳು ಬಂದೇ ಬರುತ್ತದೆ. ನೀರು ಹರಿಸುತ್ತಾ ಕತ್ತರಿಸುವ ಮಷೀನ್ ಸಿಗುತ್ತದೆ, ಒಳ್ಳೇ ಮಾಸ್ಕ್ ಸಿಗುತ್ತದೆ. ಮನೆ ಕಟ್ಟಿಸುವವರು ಗೃಹಪ್ರವೇಶದ ಊಟಕ್ಕೆ ಮಾಡುವ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆ ಹುಡುಗ ಕತ್ತರಿಸುತ್ತಿದ್ದಾಗ ನಾನು ಹೊರಗೆ ನಿಂತು ಚಹಾ ಕುಡಿಯುತ್ತಿದ್ದೆ. ಗೊತ್ತಿರಲಿಲ್ಲ. ಈಗ ಗೊತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎರಡು ಕೋರಿಕೆ. ಮೊದಲನೆಯದು ನಿಮಗೆ. ಪುರವಣಿಯಲ್ಲಿ ಇನ್ನೊಮ್ಮೆ ಇದರ ಬಗ್ಗೆ ಬರೆಸುವಾಗ ಒಬ್ಬ ಒಳ್ಳೇ ಮೇಸ್ತ್ರಿಯನ್ನು ಮಾತಾಡಿಸಿ. ಟೈಲ್ಸಿನ ಮುಖದ ಫೋಟೋ ಹಾಕುವ ಜಾಗದಲ್ಲಿ ಅರ್ಧದಷ್ಟನ್ನು ಅದರ ಬೆನ್ನಿನ ಫೋಟೋಗೆ ಕೊಡಿ.

ಎರಡನೆಯದು ಸರ್ಕಾರಕ್ಕೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಿ ಆಗುತ್ತದೆ, ಅದು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ದುಡ್ಡಲ್ಲಿ ನಮ್ಮ ಮೂರು ಜಿಲ್ಲೆಗಳಲ್ಲಿ, ತಾಲ್ಲೂಕಿಗೆ ಒಂದು ಕಡೆ, ಐಟಿಐ ಕಾಲೇಜಿನ ವರ್ಕ್‌ಶಾಪಿನಲ್ಲಾದರೂ ಸರಿ, ಗಾರೆ ಕೆಲಸದವರಿಗೆ ಮೂರು ದಿನದ ತರಬೇತಿ ಕೊಡಿ. ಕೂಲಿ ಬಿಟ್ಟು ಬರಬೇಕಲ್ಲ, ಆ ಮೂರು ದಿನದ ಕೂಲಿಯನ್ನೂ ಕೊಡಿ. ಕನ್ನಡದಲ್ಲೇ ಹೇಳಿ. ಅಂಟು ಕಲಸುವುದು, ಬಾಚಣಿಗೆ ಎಳೆಯುವುದು, ಸಂದಿ ಬಿಡುವುದು, ನೀರು ಹರಿಸುತ್ತಾ ಕತ್ತರಿಸುವುದು, ಇಷ್ಟು ಸಾಕು. ಬಂದವರಿಗೆಲ್ಲ ಒಂದು ಹಲ್ಲಿನ ಕರಣೆ, ಒಂದು ಮಾಸ್ಕ್ ಕೊಟ್ಟು ಕಳಿಸಿ.

ಅಂದು ಎದ್ದುಬಿದ್ದ ಎರಡು ಟೈಲ್ಸನ್ನು ನಾನು ಬಿಸಾಡಲಿಲ್ಲ. ಅಂಗಳದಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೇನೆ, ಬೆನ್ನು ಹೊರಗೆ ಕಾಣುವ ಹಾಗೆ. ನಮ್ಮ ಓಣಿಯಲ್ಲಿ ಈಗ ಮೂರು ಮನೆ ಏಳುತ್ತಿವೆ. ಕಟ್ಟಿಸುವವರು ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ. ಹೋದ ವಾರ ಒಬ್ಬರು ಬಂದು ಬೆರಳಲ್ಲಿ ಆ ಬಿಳಿ ಪುಡಿ ಒರೆಸಿ ನೋಡಿ, ಅಲ್ಲಿಂದಲೇ ಅವರ ಮೇಸ್ತ್ರಿಗೆ ಫೋನ್ ಮಾಡಿ ನಾಳೆ ಕೆಲಸ ಶುರು ಮಾಡಬೇಡ, ಗಮ್ ತಂದ ಮೇಲೆ ಮಾಡೋಣ ಅಂದರು.

ಇಂತಿ,
ನಿಮ್ಮ ಓದುಗ,
ಗಂಗಾವತಿ, ಕೊಪ್ಪಳ ಜಿಲ್ಲೆ